ಭಾರತ–ಪಾಕ್ ಪಂದ್ಯ: ಎಲ್ಲರೂ ಸೇರಿ ನೋಡಲು ತಯಾರಿ ಹೇಗೆ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಭಾರತ–ಪಾಕಿಸ್ತಾನ ಪಂದ್ಯವನ್ನು ಹತ್ತಾರು ಮಂದಿ ಒಂದೆಡೆ ಕೂತು ನೋಡುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಆಯ್ದುಕೊಂಡಿದ್ದೇವೆ. ಪರದೆ, ಸ್ಪೀಕರ್, ತಿಂಡಿ ಏನೇ ಇರಲಿ, ಚೆಂಡು ಸ್ಟಂಪಿಗೆ ಬಡಿದದ್ದು ಕೂತ ಎಲ್ಲರಿಗೂ ಒಂದೇ ಸಲಕ್ಕೆ ಕಾಣಬೇಕು, ಕೇಳಬೇಕು. ಕೂಗು ಒಟ್ಟಿಗೆ ಏಳುವುದು ಆಗ ಮಾತ್ರ. ಉತ್ತರಗಳನ್ನು ಇದನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ.

ಮೊಬೈಲ್ ಆ್ಯಪ್‌ ಅನ್ನು ಟಿವಿಗೆ ಹಾಕಿ ಇಪ್ಪತ್ತು ಜನ ನೋಡುತ್ತೇವೆ. ಪಕ್ಕದ ಮನೆಯವರು ‘ಔಟ್’ ಎಂದು ಕಿರುಚಿದ ಮೇಲೆ ನಮ್ಮ ಟಿವಿಯಲ್ಲಿ ಬೌಲರ್ ಓಡಿ ಬರುತ್ತಾನೆ. ಇದಕ್ಕೆ ಪರಿಹಾರವಿದೆಯೇ?
— ದಾವಣಗೆರೆಯ ಓದುಗರು

ಇದೆ. ಕೇಬಲ್ ಅಥವಾ ಡಿಟಿಎಚ್‌ಗೆ ಬದಲಾಯಿಸಿ. ಇಂಟರ್ನೆಟ್‌ನಲ್ಲಿ ಬರುವ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ನಡುವೆ ನಿಲ್ಲದಿರಲಿ ಎಂದು ಆ್ಯಪ್ ಮೂರ್ನಾಲ್ಕು ತುಂಡುಗಳನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಹಾಗಾಗಿ ಮೈದಾನಕ್ಕಿಂತ 20ರಿಂದ 40 ಸೆಕೆಂಡು ಹಿಂದೆ ಬೀಳುವುದು ಸಾಮಾನ್ಯ. ಡಿಟಿಎಚ್ ಹಿಂದೆ ಬೀಳುವುದು ಕೆಲವೇ ಸೆಕೆಂಡು. ಒಂದು ಚೆಂಡಿಗೂ ಇನ್ನೊಂದಕ್ಕೂ ನಡುವೆ ಸುಮಾರು 40 ಸೆಕೆಂಡು ಇರುವುದರಿಂದ ನೀವು ನೋಡುತ್ತಿರುವುದು ಹೆಚ್ಚುಕಡಿಮೆ ಹಿಂದಿನ ಚೆಂಡು. 2022ರ ಅಕ್ಟೋಬರ್ 23ರಂದು ಮೆಲ್ಬರ್ನ್‌ನಲ್ಲಿ 8 ಚೆಂಡಿಗೆ 28 ರನ್ ಬೇಕಿದ್ದಾಗ ಹ್ಯಾರಿಸ್ ರವೂಫ್‌ಗೆ ಕೊಹ್ಲಿ ಸತತ ಎರಡು ಸಿಕ್ಸರ್ ಎತ್ತಿದರು. ಅಂಥ ಹೊಡೆತ ಪಕ್ಕದ ಮನೆಯ ಕೂಗಿನಿಂದ ಮೊದಲೇ ತಿಳಿದುಬಿಟ್ಟರೆ ಉಳಿಯುವುದೇನು?

ಇಂಟರ್ನೆಟ್ ಬಿಟ್ಟು ಬೇರೆ ದಾರಿಯಿಲ್ಲದಿದ್ದರೆ ವೈಫೈ ಬದಲು ರೂಟರ್‌ನಿಂದ ಟಿವಿಗೆ ನೇರವಾಗಿ ಲ್ಯಾನ್ ಕೇಬಲ್ ಎಳೆಯಿರಿ. ಪಾಜ್ ಒತ್ತಿ ಮತ್ತೆ ಶುರು ಮಾಡಿದಷ್ಟೂ ಸಲ ಹಿಂದೆ ಬೀಳುತ್ತೀರಿ. ಓವರ್ ಮುಗಿದಾಗಲೆಲ್ಲ ‘ಲೈವ್’ ಗುಂಡಿ ಒತ್ತಿ ಮುಂದಕ್ಕೆ ತಂದುಕೊಳ್ಳಿ. ಒಳಗೊಂದು, ಅಂಗಳದಲ್ಲೊಂದು ಟಿವಿ ಇದ್ದರೆ ಎರಡಕ್ಕೂ ಒಂದೇ ಕಂಪನಿಯ ಸಂಪರ್ಕ, ಒಂದೇ ಚಾನೆಲ್ ಇರಲಿ. ಒಂದರಲ್ಲಿ ಎಚ್‌ಡಿ, ಇನ್ನೊಂದರಲ್ಲಿ ಸಾದಾ ಚಾನೆಲ್ ಇದ್ದರೂ ಹಿಂದು ಮುಂದು ಆಗಬಹುದು.

ಇದಕ್ಕಿಂತ ದೊಡ್ಡ ಕಾಟ ಜೇಬಿನಲ್ಲಿರುತ್ತದೆ. ಮೈದಾನದಲ್ಲಿ ಕೂತವರು ದಾಖಲಿಸುವ ಸ್ಕೋರು ಎಷ್ಟೋ ಸಲ ಟಿವಿಗಿಂತಲೂ ಮೊದಲೇ ಆ್ಯಪ್‌ಗೆ ಬಂದಿರುತ್ತದೆ. ಸ್ಕೋರ್ ಆ್ಯಪ್‌ಗಳ ನೋಟಿಫಿಕೇಶನ್ ಆರಿಸಿ, ವಾಟ್ಸ್‌ಆ್ಯಪ್ ಗುಂಪುಗಳನ್ನು ಮ್ಯೂಟ್ ಮಾಡಿ ಎಂದು ಬಾಗಿಲಲ್ಲೇ ಹೇಳಿಬಿಡಿ. ಒಬ್ಬ ಸ್ಕೋರು ನೋಡಿ ಮುಗುಳ್ನಕ್ಕರೂ ಉಳಿದವರಿಗೆ ವಿಷಯ ಗೊತ್ತಾಗಿಹೋಗುತ್ತದೆ.

ಡಿಟಿಎಚ್‌ಗೂ ಒಂದು ದೌರ್ಬಲ್ಯವಿದೆ. ಜೋರು ಮಳೆ ಬಂದರೆ ಸಿಗ್ನಲ್ ಕೆಲವು ನಿಮಿಷ ಹೋಗಿಬಿಡುತ್ತದೆ. ಆಗ ಆಸರೆಗೆಂದು ಆ್ಯಪ್ ಅನ್ನು ಬೆಳಿಗ್ಗೆಯೇ ಲಾಗಿನ್ ಮಾಡಿಡಿ. ಟಾಸ್ ಹೊತ್ತಿಗೆ ಓಟಿಪಿ ಕಾಯುತ್ತ ಕೂರುವುದು ಬೇಡ. ಪಂದ್ಯ ಯಾವ ಚಾನೆಲ್‌ನಲ್ಲಿ ಎಂಬುದನ್ನೂ ಖಚಿತ ಮಾಡಿಕೊಳ್ಳಿ. 2025ರಲ್ಲಿ ಚಾಂಪಿಯನ್ಸ್ ಟ್ರೋಫಿ ಸ್ಟಾರ್ ಸ್ಪೋರ್ಟ್ಸ್‌ನಲ್ಲಿ ಬಂದರೆ ಅದೇ ವರ್ಷದ ಏಷ್ಯಾ ಕಪ್ ಸೋನಿಯಲ್ಲಿ ಬಂತು. ಬೇಕಾದ ಪ್ಯಾಕ್ ಇಲ್ಲದಿದ್ದರೆ ಹಿಂದಿನ ದಿನವೇ ರೀಚಾರ್ಜ್ ಮಾಡಿ, ಸೆಟ್‌ಟಾಪ್ ಬಾಕ್ಸ್ ಆನ್ ಇಟ್ಟು ಚಾನೆಲ್ ಬಂದದ್ದನ್ನು ಕಣ್ಣಾರೆ ನೋಡಿ.

ನಮ್ಮ ಅಪಾರ್ಟ್‌ಮೆಂಟ್ ಅಂಗಳದಲ್ಲಿ ಸುಮಾರು 40 ಜನಕ್ಕೆ ಪ್ರೊಜೆಕ್ಟರ್ ಹಾಕಬೇಕೆಂದಿದ್ದೇವೆ. ಎಷ್ಟು ದೊಡ್ಡ ಪರದೆ ಬೇಕು? ಬಾಡಿಗೆಗೆ ಎಂಥ ಪ್ರೊಜೆಕ್ಟರ್ ತರಬೇಕು?
— ಮೈಸೂರಿನ ಓದುಗರು

ಮೊದಲು ಪಂದ್ಯದ ಹೊತ್ತು ನೋಡಿ. ಮಧ್ಯಾಹ್ನ 2.30ಕ್ಕೆ ಶುರುವಾಗುವ ಏಕದಿನ ಪಂದ್ಯವಾದರೆ ಅಂಗಳದಲ್ಲಿ ಪ್ರೊಜೆಕ್ಟರ್ ಯೋಚನೆಯನ್ನೇ ಬಿಡಿ. ಪ್ರೊಜೆಕ್ಟರ್ ಹೊಮ್ಮಿಸುವ ಬೆಳಕನ್ನು ಲ್ಯೂಮೆನ್‌ನಲ್ಲಿ, ಪರದೆಯ ಮೇಲೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. 3,000 ಲ್ಯೂಮೆನ್‌ ಪ್ರೊಜೆಕ್ಟರ್ 120 ಇಂಚಿನ ಪರದೆಯ ಮೇಲೆ ಚೆಲ್ಲುವುದು ಸುಮಾರು 750 ಲಕ್ಸ್ ಬೆಳಕು. ಹಗಲಲ್ಲಿ ನೆರಳಿನಲ್ಲೂ ಸಾವಿರಾರು ಲಕ್ಸ್ ಇರುತ್ತದೆ. ಚಿತ್ರ ತೊಳೆದುಹೋದಂತೆ ಕಾಣುತ್ತದೆ, ಬಿಳಿ ಚೆಂಡಂತೂ ಕಾಣುವುದೇ ಇಲ್ಲ. ಅಂಥ ದಿನ ಹಾಲ್‌ನ ಒಳಗೆ 55 ಅಥವಾ 65 ಇಂಚಿನ ಟಿವಿಯೇ ವಾಸಿ. ಸಂಜೆ 7ರ ಮೇಲೆ ಶುರುವಾಗುವ ಟಿ20ಗೆ ಪ್ರೊಜೆಕ್ಟರ್ ತರಬಹುದು.

ನಲವತ್ತು ಜನಕ್ಕೆ 120 ಇಂಚು ಸಾಕು. ಅಂದರೆ 8 ಅಡಿ 9 ಇಂಚು ಅಗಲ, ಸುಮಾರು 4 ಅಡಿ 11 ಇಂಚು ಎತ್ತರ. ದೊಡ್ಡದಿರಲಿ ಎಂದು 200 ಇಂಚಿಗೆ ಹಿಗ್ಗಿಸಿದರೆ ಅದೇ ಬೆಳಕು ಸುಮಾರು ಮೂರು ಪಟ್ಟು ಜಾಗಕ್ಕೆ ಹಂಚಿಹೋಗಿ 270 ಲಕ್ಸ್‌ಗೆ ಇಳಿಯುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಲ್ಯೂಮೆನ್ ನಂಬಬೇಡಿ, ‘ಆನ್ಸಿ ಲ್ಯೂಮೆನ್ (ನಿಗದಿತ ಮಾನದಂಡದ ಪ್ರಕಾರ ಅಳೆದದ್ದು) ಎಷ್ಟು’ ಎಂದು ಕೇಳಿ. ಅಗ್ಗದ ಪುಟ್ಟ ಪ್ರೊಜೆಕ್ಟರ್‌ಗಳಲ್ಲಿ 9,000 ಎಂದು ಬರೆದಿದ್ದರೂ ನಿಜವಾಗಿ ಕೆಲವು ನೂರಷ್ಟೇ ಇರುತ್ತದೆ.

ಥ್ರೋ ಅನುಪಾತವನ್ನೂ ಕೇಳಿಕೊಳ್ಳಿ. ಅದು 1.5 ಇದ್ದರೆ ಪರದೆಯ ಅಗಲದ ಒಂದೂವರೆ ಪಟ್ಟು, ಅಂದರೆ 13 ಅಡಿ ದೂರದಲ್ಲಿ ಪ್ರೊಜೆಕ್ಟರ್ ಇಡಬೇಕು. ಮೊದಲ ಸಾಲು ಕೂರಬೇಕಾದದ್ದೂ ಅಲ್ಲೇ. ಆದ್ದರಿಂದ ಆ ಸಾಲಿನ ಮಧ್ಯೆ ಒಂದು ಗಿಡ್ಡ ಸ್ಟೂಲಿಗೆ ಜಾಗ ಬಿಟ್ಟು, ಓಡಾಟವೆಲ್ಲ ಬದಿಯಿಂದ ಎಂದು ಹಗ್ಗ ಕಟ್ಟಿ. ಇಲ್ಲವಾದರೆ ನೀರು ಕುಡಿಯಲು ಎದ್ದವರ ನೆರಳು ಸರಿಯಾಗಿ ಕ್ಯಾಚ್ ಹಿಡಿಯುವ ಹೊತ್ತಿಗೇ ಪರದೆಯ ಮೇಲೆ ಬೀಳುತ್ತದೆ. ಹಿಂದಿನ ಸಾಲು 30 ಅಡಿಗಿಂತ ದೂರ ಹೋದರೆ ಸ್ಕೋರಿನ ಅಕ್ಷರ ಓದಲಾಗದು. 13ರಿಂದ 30 ಅಡಿಯೊಳಗೆ ಮೂರು ಅಡಿಗೊಂದರಂತೆ ಆರು ಸಾಲು, ಸಾಲಿಗೆ ಏಳು ಜನ ಕೂರಬಹುದು.

ಸ್ಕೋರು ಬರುವುದು ಪರದೆಯ ತಳದಲ್ಲಿ. ಮುಂದೆ ಕೂತವರ ತಲೆ ಅಡ್ಡವಾಗುವುದೂ ಅಲ್ಲೇ. ಹಾಗಾಗಿ ಪರದೆಯ ಕೆಳಅಂಚು ನೆಲದಿಂದ ನಾಲ್ಕು ಅಡಿ ಮೇಲಿರಲಿ. ಮುಂದಿನ ಎರಡು ಸಾಲಿಗೆ ಜಮಖಾನ ಹಾಸಿ, ಕುರ್ಚಿ ಹಿಂದಕ್ಕಿಡಿ. ಬೆಡ್‌ಶೀಟ್ ಕಟ್ಟಿದರೆ ಬೆಳಕು ಹಿಂದಕ್ಕೆ ದಾಟಿಹೋಗುತ್ತದೆ, ಗಾಳಿಗೆ ಅಲುಗಾಡುತ್ತದೆ. ಹೊಳಪಿಲ್ಲದ ಬಿಳಿ ಗೋಡೆ ಎಲ್ಲಕ್ಕಿಂತ ಒಳ್ಳೆಯದು. ಬಟ್ಟೆಯೇ ಆಗಬೇಕಿದ್ದರೆ ದಪ್ಪನೆಯದು ತಂದು, ಕೆಳಅಂಚಿನ ಮಡಿಕೆಯೊಳಗೆ ಪಿವಿಸಿ ಪೈಪ್ ತೂರಿಸಿ, ನಾಲ್ಕೂ ಮೂಲೆ ಎಳೆದು ಕಟ್ಟಿ.

ಸಂಪರ್ಕ ಕೊಡುವಾಗಲೇ ಹೆಚ್ಚಿನವರು ಎಡವುವುದು. ಮನೆಯೊಳಗಿನ ಬಾಕ್ಸ್‌ನಿಂದ ಅಂಗಳಕ್ಕೆ 15–20 ಮೀಟರ್ ಎಚ್‌ಡಿಎಂಐ ಕೇಬಲ್ ಎಳೆಯುತ್ತಾರೆ. ಸಾದಾ ಕೇಬಲ್ 10 ಮೀಟರ್ ದಾಟಿದರೆ ಚಿತ್ರ ಮಿಣುಕುತ್ತದೆ, ಇಲ್ಲವೇ ಬರುವುದೇ ಇಲ್ಲ. ಅದರ ಬದಲು ಬಾಕ್ಸ್ ಅನ್ನೇ ಪ್ರೊಜೆಕ್ಟರ್ ಪಕ್ಕಕ್ಕೆ ತಂದು, ಡಿಶ್‌ನಿಂದ ಬರುವ ವೈರ್ ಉದ್ದ ಮಾಡಿ. ಅದು 30 ಮೀಟರ್ ಇದ್ದರೂ ತೊಂದರೆಯಿಲ್ಲ. ಹಳೆಯ ಪ್ರೊಜೆಕ್ಟರ್‌ಗೆ ವಿಜಿಎ ಕನ್ವರ್ಟರ್ ಹಾಕಿದರೆ ನಕಲು ತಡೆಯುವ ವ್ಯವಸ್ಥೆ ಅಡ್ಡಬಂದು ಪರದೆ ಕಪ್ಪಾಗಿಯೇ ಉಳಿಯಬಹುದು. ಮೊಬೈಲಿನಿಂದ ಸ್ಕ್ರೀನ್ ಮಿರರ್ ಮಾಡಿದಾಗ ಧ್ವನಿ ಬಂದು ಚಿತ್ರ ಬಾರದಿರುವುದಕ್ಕೂ ಅನೇಕ ಸಲ ಇದೇ ಕಾರಣ. ಎಲ್ಲವನ್ನೂ ಹಿಂದಿನ ರಾತ್ರಿ ಅದೇ ಜಾಗದಲ್ಲಿ, ಅದೇ ವೈರ್‌ಗಳಲ್ಲಿ ಹಾಕಿ ನೋಡಿ.

ಚೆಂಡು ಬ್ಯಾಟಿಗೆ ತಗುಲಿದ ಮೇಲೆ ಸದ್ದು ತಡವಾಗಿ ಬರುತ್ತದೆ. ಯಾಕೆ?
— ಉಡುಪಿಯ ಓದುಗರು

ಬ್ಲೂಟೂತ್ ಸ್ಪೀಕರ್ ಬಳಸುತ್ತಿದ್ದೀರಿ ಅನಿಸುತ್ತದೆ. ಅದರಲ್ಲಿ ಸದ್ದು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾಗಬಹುದು. ಕಿವಿಗೆ ಅದು ಚೆನ್ನಾಗಿಯೇ ಗೊತ್ತಾಗುತ್ತದೆ. ಟಿವಿ ಅಥವಾ ಪ್ರೊಜೆಕ್ಟರ್‌ನ ಆಡಿಯೊ ಔಟ್‌ನಿಂದ ಸ್ಪೀಕರ್‌ಗೆ ವೈರ್ ಹಾಕಿ. ಸ್ಪೀಕರ್‌ಗಳನ್ನು ಪರದೆಯ ಎರಡು ಬದಿಗಷ್ಟೇ ಇಡಿ, ಹಿಂದೊಂದು ಮುಂದೊಂದು ಇಟ್ಟರೆ ಪ್ರತಿಧ್ವನಿ ಬರುತ್ತದೆ. ಇದೇ ಹೊತ್ತಿಗೆ ಟಿವಿಯ ಚಿತ್ರದ ಸೆಟ್ಟಿಂಗ್‌ನಲ್ಲಿ ‘ನಾಯ್ಸ್ ರಿಡಕ್ಷನ್’, ‘ಮೋಷನ್ ಸ್ಮೂತಿಂಗ್’ ಎಂಬವನ್ನು ಆರಿಸಿ. ವೇಗವಾಗಿ ಹೋಗುವ ಪುಟ್ಟ ಚೆಂಡನ್ನು ಇವು ಅಳಿಸುತ್ತವೆ, ಇಲ್ಲವೇ ಬಾಲ ಬಂದಂತೆ ಮಾಡುತ್ತವೆ.

ಟಿ20 ಪಂದ್ಯಕ್ಕೆ 30 ಮಂದಿ ಬರುತ್ತಾರೆ. ಗಿರಮಿಟ್ ಮತ್ತು ಮಿರ್ಚಿ ಮಾಡುವ ಆಸೆ. ಎಷ್ಟು ಸಾಮಾನು ಬೇಕು? ಇನಿಂಗ್ಸ್ ನಡುವಿನ ಬಿಡುವಿನಲ್ಲಿ ಮುಗಿಸಬಹುದೇ?
— ಹುಬ್ಬಳ್ಳಿಯ ಓದುಗರು

ಎಲ್ಲವನ್ನೂ ಬಿಡುವಿನಲ್ಲೇ ಮಾಡುತ್ತೇನೆಂದರೆ ಆಗದು. ಟಿ20ಯಲ್ಲಿ ಬಿಡುವು ಸುಮಾರು 20 ನಿಮಿಷ. ತಲೆಗೆರಡರಂತೆ 60 ಮಿರ್ಚಿ, ಬಾಣಲೆಗೆ ಒಮ್ಮೆಗೆ ಎಂಟೊಂಬತ್ತು, ಪ್ರತಿ ಸಲ ಐದು ನಿಮಿಷ ಎಂದು ಹಿಡಿದರೂ 35 ನಿಮಿಷ ಬೇಕು. ಕರಿಯುವವರಿಗೆ ಎರಡನೇ ಇನಿಂಗ್ಸ್‌ನ ಪವರ್‌ಪ್ಲೇ ತಪ್ಪಿಹೋಗುತ್ತದೆ. ಒಲೆಯ ಮುಂದೆ ನಿಂತವರೂ ಅಭಿಮಾನಿಗಳೇ, ಅವರಿಗೂ ಪಂದ್ಯ ಸಿಗಬೇಕು.

ಆದ್ದರಿಂದ ಎರಡು ಸಲ ಕರಿಯಿರಿ. ಪಂದ್ಯ ಶುರುವಾಗುವ ಮೊದಲೇ ಮಿರ್ಚಿಗಳನ್ನು ಎರಡು ಮೂರು ನಿಮಿಷ, ಬಣ್ಣ ಇನ್ನೂ ತೆಳು ಹಳದಿ ಇರುವಾಗಲೇ ತೆಗೆದು, ಒಂದರ ಮೇಲೊಂದು ಬೀಳದಂತೆ ತಟ್ಟೆಗಳಲ್ಲಿ ಹರಡಿ. ಮುಚ್ಚಬೇಡಿ, ಹಬೆಗೆ ಮೆತ್ತಗಾಗುತ್ತವೆ. ಬಿಡುವಿನಲ್ಲಿ ಕಾದ ಎಣ್ಣೆಗೆ 12ರಂತೆ ಬಿಟ್ಟು ಒಂದೂವರೆ ನಿಮಿಷ ಕರಿದರೆ ಐದು ಸುತ್ತಿನಲ್ಲಿ, ಎಂಟು ಹತ್ತು ನಿಮಿಷದೊಳಗೆ ಎಲ್ಲ ಗರಿಗರಿ. ಬೇಕಾಗುವುದು: ಬಜ್ಜಿ ಮೆಣಸಿನಕಾಯಿ ಒಂದು ಕಿಲೋಗಿಂತ ತುಸು ಹೆಚ್ಚು, ಕಡಲೆಹಿಟ್ಟು ಒಂದೂವರೆ ಕಿಲೋ, ಅಕ್ಕಿಹಿಟ್ಟು 150 ಗ್ರಾಂ, ಓಂಕಾಳು ಎರಡು ಚಮಚ, ಎಣ್ಣೆ ಎರಡೂವರೆ ಲೀಟರ್, ಸೋಡಾ ಅರ್ಧ ಚಮಚ. ಸೋಡಾ ಹೆಚ್ಚಾದರೆ ಹಿಟ್ಟು ಎಣ್ಣೆ ಕುಡಿಯುತ್ತದೆ. ಹಿಟ್ಟು ನೀರಾದರೆ ಮೆಣಸಿನಕಾಯಿ ಬೆತ್ತಲಾಗುತ್ತದೆ. ಬೆರಳು ಅದ್ದಿದರೆ ದಪ್ಪಗೆ ಅಂಟಿ ನಿಲ್ಲಬೇಕು.

ಗಿರಮಿಟ್‌ಗೆ ಚುರುಮುರಿ 1.2 ಕಿಲೋ. ಗೊಜ್ಜಿಗೆ ಉಳ್ಳಾಗಡ್ಡಿ ಒಂದು ಕಿಲೋ, ಟೊಮೆಟೊ ಅರ್ಧ ಕಿಲೋ, ಹಸಿಮೆಣಸಿನಕಾಯಿ 50 ಗ್ರಾಂ, ಹುಣಸೆಹಣ್ಣು 100 ಗ್ರಾಂ, ಬೆಲ್ಲ 75 ಗ್ರಾಂ. ಸಾಸಿವೆ, ಜೀರಿಗೆ, ಕರಿಬೇವು, ಅರಿಸಿನದ ಒಗ್ಗರಣೆಯಲ್ಲಿ ಬಾಡಿಸಿ ಎಣ್ಣೆ ಬಿಡುವವರೆಗೆ ಕುದಿಸಿ. ಇದನ್ನು ಬೆಳಿಗ್ಗೆಯೇ ಮಾಡಿಟ್ಟರೂ ಸರಿ, ಆದರೆ ಪೂರ್ತಿ ಆರಿರಬೇಕು. ಬಿಸಿ ಗೊಜ್ಜು ಚುರುಮುರಿಯನ್ನು ಮುದ್ದೆ ಮಾಡುತ್ತದೆ. ಕಲಸುವಾಗ ಗೊಜ್ಜಿನ ಹಿಂದೆಯೇ 250 ಗ್ರಾಂ ಪುಟಾಣಿ ಹಿಟ್ಟು ಉದುರಿಸಿ, ಅದು ತೇವ ಹೀರಿಕೊಳ್ಳುತ್ತದೆ. ಕೊನೆಗೆ ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು. ಹತ್ತು ಜನಕ್ಕೊಂದು ಬೋಗುಣಿಯಂತೆ ಮೂರು ಸಲ ಕಲಸಿ. 30 ಜನದ್ದನ್ನು ಒಮ್ಮೆಗೇ ಕಲಸಿದರೆ ಕೊನೆಯವರ ಕೈ ಸೇರುವಷ್ಟರಲ್ಲಿ ಮೆತ್ತಗಾಗಿರುತ್ತದೆ.

ಚಹಾಕ್ಕೆ ಹಾಲು ಎರಡು ಲೀಟರ್, ನೀರು ಒಂದೂಕಾಲು ಲೀಟರ್, ಚಹಾಪುಡಿ 70 ಗ್ರಾಂ, ಸಕ್ಕರೆ ಕಾಲು ಕಿಲೋ. ಫ್ಲಾಸ್ಕಿಗೆ ತುಂಬಿಡಿ. ಕೊನೆಯ ಐದು ಓವರ್ ಹೊತ್ತಿಗೆ ಒಲೆ ಆರಿರಬೇಕು.

ಕರೆಂಟ್ ಹೋದರೆ ಮನೆಯ ಯುಪಿಎಸ್ ಮೇಲೆ ಪಂದ್ಯ ನೋಡಬಹುದೇ?
— ಹಾಸನದ ಓದುಗರು

12 ವೋಲ್ಟಿನ 150 ಎಎಚ್ ಬ್ಯಾಟರಿ ಒಂದಿದ್ದರೆ ಲೆಕ್ಕದ ಪ್ರಕಾರ 1,800 ವ್ಯಾಟ್–ಅವರ್. ಕೈಗೆ ಸಿಗುವುದು ಸುಮಾರು 1,100, ಬ್ಯಾಟರಿ ಹಳೆಯದಾದರೆ ಇನ್ನೂ ಕಡಿಮೆ. ಪ್ರೊಜೆಕ್ಟರ್ 300, ಸ್ಪೀಕರ್ 100, ಬಾಕ್ಸ್ ಮತ್ತು ರೂಟರ್ 25 ವ್ಯಾಟ್ ಎಂದರೆ ಎರಡೂವರೆ ಗಂಟೆ. ಟಿ20 ಪಂದ್ಯ ಪೂರ್ತಿ ಮುಗಿಯಲು ಮೂರೂವರೆ ಗಂಟೆಯಾದರೂ ಆಗಬಹುದು. ಎಲ್‌ಇಡಿ ಟಿವಿಗೆ 100–150 ವ್ಯಾಟ್ ಸಾಕಾದ್ದರಿಂದ ಪೂರ್ತಿ ಪಂದ್ಯ ದಾಟಬಹುದು. ಫ್ಯಾನುಗಳ ಹೊರೆಯನ್ನು ಮರೆಯಬೇಡಿ. ಯುಪಿಎಸ್ ಬದಲಾಗುವ ಕ್ಷಣದಲ್ಲಿ ಬಾಕ್ಸ್ ಆರಿ ಮತ್ತೆ ಶುರುವಾಗಲು ಎರಡು ನಿಮಿಷ ತಗೊಂಡರೆ ಮೂರು ಚೆಂಡು ಹೋದಂತೆಯೇ. ಇನ್ವರ್ಟರ್‌ನಲ್ಲಿ ‘ಯುಪಿಎಸ್ ಮೋಡ್’ ಸ್ವಿಚ್ ಇದ್ದರೆ ಅದಕ್ಕೆ ಹಾಕಿ, ಆಗ ಬಾಕ್ಸ್ ಆರುವುದಿಲ್ಲ.

ಬೀದಿಯಲ್ಲಿ ಪರದೆ ಹಾಕಲು ಅನುಮತಿ ಬೇಕೇ?
— ತುಮಕೂರಿನ ಓದುಗರು

ಬೇಕು. ರಸ್ತೆ, ಮೈದಾನದಲ್ಲಿ ಜನ ಸೇರಿಸುವುದಕ್ಕೂ ಧ್ವನಿವರ್ಧಕಕ್ಕೂ ಪೊಲೀಸ್ ಠಾಣೆಯಲ್ಲಿ ಲಿಖಿತ ಅರ್ಜಿ ಕೊಟ್ಟು ಅನುಮತಿ ಪಡೆಯಿರಿ. ಜಾಗ, ಹೊತ್ತು, ಅಂದಾಜು ಜನಸಂಖ್ಯೆ, ಹೊಣೆ ಹೊತ್ತವರ ಫೋನ್ ನಂಬರ್ ಬರೆಯಿರಿ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 8ಕ್ಕೆ ಶುರುವಾದ ಪಂದ್ಯದ ರೋಚಕ ಭಾಗವೆಲ್ಲ 10ರ ನಂತರವೇ ಬರುವುದರಿಂದ, ಅಂಥ ಪಂದ್ಯಕ್ಕೆ ಬೀದಿಗಿಂತ ಬಾಗಿಲು ಮುಚ್ಚುವ ಸಮುದಾಯ ಭವನವೇ ಸರಿಯಾದ ಜಾಗ. ಟಿಕೆಟ್ ಇಟ್ಟು ದುಡ್ಡು ಎತ್ತಬೇಡಿ. ಮನೆಗೆಂದು ಪಡೆದ ಡಿಟಿಎಚ್ ಸಂಪರ್ಕವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಹೋಟೆಲ್‌ಗಳಿಗೆ ಬೇರೆಯದೇ ಸಂಪರ್ಕವಿದೆ.

ಪಂದ್ಯ ಶುರುವಾಗುವ ಮುನ್ನ ಮಕ್ಕಳಿಗೆ ಹಳೆಯ ಭಾರತ–ಪಾಕ್ ಪಂದ್ಯದ ತುಣುಕು ತೋರಿಸಬೇಕು. ನಮ್ಮ ಕನ್ನಡಿಗರು ಮಿಂಚಿದ್ದು ಯಾವುದು?
— ಶಿವಮೊಗ್ಗದ ಓದುಗರು

ಎಲ್ಲರೂ ಹೇಳುವುದು 1996ರ ಮಾರ್ಚ್ 9ರ ವಿಶ್ವಕಪ್ ಕ್ವಾರ್ಟರ್‌ಫೈನಲ್. ನಡೆದದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಸಿಧು 93 ಹೊಡೆದರು, ಕೊನೆಗೆ ಅಜಯ್ ಜಡೇಜಾ 25 ಚೆಂಡಿನಲ್ಲಿ 45 ಚಚ್ಚಿ ಮೊತ್ತವನ್ನು 287ಕ್ಕೆ ಮುಟ್ಟಿಸಿದರು. ಬೆನ್ನಟ್ಟಿದ ಪಾಕಿಸ್ತಾನದ ಆರಂಭ ಬಿರುಸಾಗಿತ್ತು. ವೆಂಕಟೇಶ್ ಪ್ರಸಾದ್‌ಗೆ ಬೌಂಡರಿ ಬಾರಿಸಿದ ಅಮೀರ್ ಸೊಹೈಲ್, ಮತ್ತೆ ಅಲ್ಲಿಗೇ ಹೊಡೆಯುತ್ತೇನೆ ಎಂಬಂತೆ ಬ್ಯಾಟು ತೋರಿಸಿದರು. ಮುಂದಿನ ಚೆಂಡಿಗೇ ಆಫ್ ಸ್ಟಂಪ್ ಹಾರಿಹೋಯಿತು. ಭಾರತ 39 ರನ್ನಿಂದ ಗೆದ್ದಿತು. ಮಕ್ಕಳಿಗೆ ಈ ಎರಡು ಚೆಂಡುಗಳನ್ನು ಬಿಡಿಬಿಡಿಯಾಗಿ ಅಲ್ಲ, ಒಂದರ ಹಿಂದೊಂದು ತೋರಿಸಿ.

ಆದರೆ ನಮ್ಮ ಆಯ್ಕೆ 1999ರ ಜೂನ್ 8ರ ಮ್ಯಾಂಚೆಸ್ಟರ್ ವಿಶ್ವಕಪ್ ಪಂದ್ಯ. ದ್ರಾವಿಡ್ 61 ರನ್ ಹೊಡೆದರು, ಭಾರತ 227. ಪಾಕಿಸ್ತಾನ 180ಕ್ಕೆ ಆಲೌಟ್. ಪ್ರಸಾದ್ 27ಕ್ಕೆ 5, ಶ್ರೀನಾಥ್ 3, ಕುಂಬ್ಳೆ 2. ಹತ್ತಕ್ಕೆ ಹತ್ತೂ ವಿಕೆಟ್ ಕರ್ನಾಟಕದ ಮೂವರದೇ! ಇದನ್ನು ನೆನೆಯುವವರು ಯಾಕೋ ಕಡಿಮೆ. ಸಮಯ ಉಳಿದರೆ ಅದೇ ವರ್ಷ ಫೆಬ್ರವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಟೆಸ್ಟ್‌ನ ಒಂದೇ ಇನಿಂಗ್ಸ್‌ನಲ್ಲಿ ಕುಂಬ್ಳೆ 74 ರನ್ನಿಗೆ 10 ವಿಕೆಟ್ ಕಿತ್ತದ್ದನ್ನೂ ತೋರಿಸಿ. ಹತ್ತನೇ ವಿಕೆಟ್ಟೂ ಕುಂಬ್ಳೆಗೇ ಸಿಗಲೆಂದು ಇನ್ನೊಂದು ತುದಿಯಲ್ಲಿ ಶ್ರೀನಾಥ್ ಹೇಗೆ ಸ್ಟಂಪಿನಿಂದ ದೂರ ದೂರ ಎಸೆದರು ಎಂಬುದನ್ನು ಮಕ್ಕಳು ಗಮನಿಸಲಿ.

ದುಬೈನಲ್ಲಿದ್ದೇವೆ. ರೂಮಿನಲ್ಲಿ ಪಾಕಿಸ್ತಾನಿ ಸಹೋದ್ಯೋಗಿಗಳೂ ಇದ್ದಾರೆ. ಒಟ್ಟಿಗೆ ನೋಡುವುದು ಸರಿಯೇ? ಕ್ರೀಡಾಂಗಣಕ್ಕೆ ಹೋದರೆ ಏನು ಗಮನಿಸಬೇಕು?
— ದುಬೈನ ಕನ್ನಡಿಗ ಓದುಗರು

ಧಾರಾಳವಾಗಿ ನೋಡಿ. ಎರಡೂ ಕಡೆಯವರು ಎದುರುಬದುರು ಬಣ ಕಟ್ಟಿಕೊಳ್ಳದೆ ಬೆರೆತು ಕೂರಿ. ಮಾತು ಕ್ರಿಕೆಟ್ ದಾಟಬಾರದು ಎಂದು ಮೊದಲೇ ಒಪ್ಪಿಕೊಳ್ಳಿ. 2025ರ ಏಷ್ಯಾ ಕಪ್‌ನಲ್ಲಿ ಎರಡು ತಂಡಗಳ ಆಟಗಾರರೇ ಕೈಕುಲುಕಲಿಲ್ಲ, ಹಾಗಾಗಿ ಮಾತು ಎಲ್ಲಿಗೆ ಜಾರೀತೆಂದು ಹೇಳಲಾಗದು. ಯಾವ ದೇಶದ ಬಾವುಟವೂ ನೆಲಕ್ಕೆ, ಕಾಲಿಗೆ ತಾಗದಿರಲಿ. ಸೋತವರ ಮುಖದ ವಿಡಿಯೊ ತೆಗೆದು ಹಾಕಲೇಬೇಡಿ. ಯುಎಇಯಲ್ಲಿ ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆದು ಹಂಚುವುದು ಕಾನೂನಿನ ಪ್ರಕಾರ ಅಪರಾಧ.

ಕ್ರೀಡಾಂಗಣಕ್ಕೆ ಹೋಗುವುದಾದರೆ ಪವರ್ ಬ್ಯಾಂಕ್, ಸೆಲ್ಫಿ ಸ್ಟಿಕ್, ಛತ್ರಿ, ಲೇಸರ್, ಗಾಜಿನ ವಸ್ತು ಮನೆಯಲ್ಲೇ ಬಿಡಿ. ಏಷ್ಯಾ ಕಪ್ ವೇಳೆ ಬಾವುಟ, ಬ್ಯಾನರ್‌ಗೂ ನಿರ್ಬಂಧವಿತ್ತು. ಭಾರತದಲ್ಲಿ 8 ಗಂಟೆ ಎಂದರೆ ಅಲ್ಲಿ 6.30. ಮೆಟ್ರೊ ಕ್ರೀಡಾಂಗಣದ ಬಾಗಿಲವರೆಗೆ ಹೋಗುವುದಿಲ್ಲ, ವಾಹನ ನಿಲುಗಡೆಗೂ ನೂಕುನುಗ್ಗಲು, ಆದ್ದರಿಂದ ಎರಡು ಗಂಟೆ ಮೊದಲೇ ತಲುಪಿ. ಒಳಗೆ ಹೋದಮೇಲೆ ತಲೆಯೆತ್ತಿ ನೋಡಿ. ಅಲ್ಲಿ ಎತ್ತರದ ಕಂಬದ ದೀಪಗಳಿಲ್ಲ, ಚಾವಣಿಯ ಅಂಚಿನುದ್ದಕ್ಕೂ ಸುಮಾರು 350 ದೀಪಗಳ ಬಳೆಯಿದೆ. ತುಸು ತಗ್ಗಿನಲ್ಲಿ ಹಾರಿ ಬರುವ ಚೆಂಡು ಆ ಬೆಳಕಿನ ಸಾಲಿನಲ್ಲಿ ಕಳೆದುಹೋಗಿ ಕ್ಯಾಚುಗಳು ಕೈಜಾರುತ್ತವೆ. ಟಿವಿಯಲ್ಲಿ ಸುಲಭ ಎನಿಸಿದ ಕ್ಯಾಚ್ ಎಷ್ಟು ಕಷ್ಟದ್ದೆಂದು ಅಲ್ಲಿ ಕೂತಾಗ ತಿಳಿಯುತ್ತದೆ.

ಮಳೆ ಬಂದಾಗ ಗುರಿ ಬದಲಾಗುವುದನ್ನು ಕೂತವರಿಗೆ ಹೇಗೆ ವಿವರಿಸುವುದು? ಎಷ್ಟು ಹೊತ್ತು ಕಾಯಬೇಕು?
— ಮಡಿಕೇರಿಯ ಓದುಗರು

ಮಳೆ ಬಂದಾಗ ಗುರಿ ಬದಲಿಸುವ ಡಿಎಲ್‌ಎಸ್ (ಡಕ್ವರ್ತ್–ಲೂಯಿಸ್–ಸ್ಟರ್ನ್) ಲೆಕ್ಕದಲ್ಲಿ ಉಳಿದ ಓವರ್ ಮತ್ತು ಕೈಯಲ್ಲಿರುವ ವಿಕೆಟ್ ಎರಡೂ ಸೇರಿ ತಂಡದ ಬಂಡವಾಳ. 2019ರ ಜೂನ್ 16ರ ಮ್ಯಾಂಚೆಸ್ಟರ್ ಪಂದ್ಯವನ್ನೇ ಹೇಳಿ. ಭಾರತ 336 ಹೊಡೆದಿತ್ತು. ಪಾಕಿಸ್ತಾನ 35 ಓವರಿಗೆ 6 ವಿಕೆಟ್‌ಗೆ 166 ಇದ್ದಾಗ ಮಳೆ ಬಂತು. ಪಂದ್ಯ 40 ಓವರಿಗೆ ಇಳಿದು ಗುರಿ 302 ಆಯಿತು. ಐದು ಓವರಲ್ಲಿ 136! ಅನ್ಯಾಯ ಎನಿಸುತ್ತದೆ, ಆದರೆ ಆರು ವಿಕೆಟ್ ಹೋಗಿದ್ದರಿಂದ ಅವರು ಮಳೆಗೆ ಮೊದಲೇ ಬಹಳ ಹಿಂದೆ ಬಿದ್ದಿದ್ದರು.

ಫಲಿತಾಂಶ ಬರಬೇಕಾದರೆ ಎರಡನೇ ತಂಡ ಏಕದಿನದಲ್ಲಿ ಕನಿಷ್ಠ 20, ಟಿ20ಯಲ್ಲಿ 5 ಓವರ್ ಆಡಿರಬೇಕು. ಟಿ20 ವಿಶ್ವಕಪ್‌ನ ಸೆಮಿಫೈನಲ್, ಫೈನಲ್‌ಗಳಿಗೆ 10. ಆಟ ಶುರು ಮಾಡಲು ಕೊನೆಯ ಗಡುವು ಎಷ್ಟೆಂದು ವೀಕ್ಷಕ ವಿವರಣೆಕಾರರು ಹೇಳುತ್ತಿರುತ್ತಾರೆ. ಅದನ್ನು ಕೇಳದೆ ಪರದೆ ಬಿಚ್ಚಬೇಡಿ. ಫೈನಲ್ ಆಗಿದ್ದರೆ ಮೀಸಲು ದಿನ ಇದೆಯೇ ನೋಡಿಕೊಂಡು, ಪ್ರೊಜೆಕ್ಟರ್ ಬಾಡಿಗೆಯನ್ನು ಮೊದಲೇ ಎರಡು ದಿನಕ್ಕೆ ಮಾತಾಡಿಡಿ.